ದೋಣಿ ಎಳೆಯುವ ಜಾಗ

ಗಲ್ಫಿನ ಅಲ್ ಸದ್ದ್‌ನಲ್ಲಿದ್ದ ನಮ್ಮ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರೊಬ್ಬರು ಮಲ್ಪೆಯ ಮೀನುಗಾರರ ಮನೆಯವರು. ಯಾವ ನಕ್ಷೆ ಸಿಕ್ಕಿದರೂ ಮೊದಲು ಕಡಲಂಚಿನಲ್ಲಿ ಬೆರಳಾಡಿಸಿ, “ದೋಣಿ ದಡಕ್ಕೆ ಎಳೀಲಿಕ್ಕೆ ಜಾಗ ಎಲ್ಲುಂಟು ಮಾರಾಯ್ರೆ?” ಎನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ಐಸ್‌ಲ್ಯಾಂಡಿನಿಂದ ಬಂದ ಇಂಜಿನಿಯರ್ ಒಬ್ಬ ತನ್ನೂರಿನ ಹಳೆಯ ನಕ್ಷೆಯನ್ನು ಗೋಡೆಗೆ ಅಂಟಿಸಿದ. ಇವರು ಕನ್ನಡಕ ಹಣೆಗೇರಿಸಿ, ಒಂದೂ ಮನೆಯಿಲ್ಲದ ಕೊಲ್ಲಿಯೊಂದನ್ನು ತೋರಿಸಿದರು. “ಗಾಳಿಗೆ ಗುಡ್ಡ ಅಡ್ಡ ಉಂಟು, ದಡ ಇಳಿಜಾರು. ಈ ಇಂಜಿನಿಯರ ಅಜ್ಜ ದೋಣಿ ಎಳೀತಿದ್ದದ್ದು ಇಲ್ಲಿಯೇ.” ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಇಂಜಿನಿಯರ್ ಗಹಗಹಿಸಿ ನಕ್ಕ, ಊರಿರುವುದು ಗುಡ್ಡದ ಆಚೆಗಂತೆ. ಇವರು ಅಂದು ಚಹಾ ಮುಟ್ಟಲಿಲ್ಲ.

ನಕ್ಕವನೇ ತಾಯಿಗೆ ಫ್ಯಾಕ್ಸ್ ಮಾಡಿ ವಿಚಾರಿಸಿದ್ದ. ಮರುದಿನ ಉತ್ತರ ಬಂತು: ಅಜ್ಜ ದೋಣಿ ಎಳೆಯುತ್ತಿದ್ದದ್ದು ಆ ಕೊಲ್ಲಿಯಲ್ಲೇ, ನಿನಗೆ ಯಾರು ಹೇಳಿದರು?

ಇಂಜಿನಿಯರ್ ಓಡಿಬಂದು ಇವರ ಕೈಕುಲುಕಿದ. ಇವರು ಎರಡು ಚಹಾ ಒಟ್ಟಿಗೆ ಕುಡಿದು ನನಗೆ ಹೇಳಿದರು, “ಇನ್ನೊಂದು ಫ್ಯಾಕ್ಸ್ ಮಾಡ್ಲಿಕ್ಕೆ ಹೇಳಿ, ಅಲ್ಲಿ ಬಂಗುಡೆ ಮೀನು ಸಿಗ್ತದಾ ಅಂತ.”