ದೋಣಿ ಹುಡುಗಿಯನ್ನು ನೋಡಿದ್ದು ನಾನು

ಅವರೆಕಾಳು ಹಿತುಕುತ್ತಾ ಕೂತಿದ್ದೆ. ನೀವೂ ಹಿತುಕಿದವರಾದರೆ ಗೊತ್ತಿರುತ್ತದೆ, ನೆನೆದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಿಗೆ ಅಂಟಿಕೊಂಡು ಕೂರುತ್ತದೆ. ಕೈತುಂಬ ಲೋಳೆ. ಅಂಥ ಹೊತ್ತಿಗೇ ಫೋನು ಬರುವುದು. ಕಿರುಬೆರಳನ್ನು ಸೆರಗಿಗೆ ಒರೆಸಿ ಹೇಗೋ ಸ್ಪೀಕರಿಗೆ ಹಾಕಿದೆ. ಪುಟ್ಟಸ್ವಾಮಣ್ಣನ ದನಿ ಹಜಾರಕ್ಕೆಲ್ಲ ಕೇಳಿಸಿತು. ರೂಮಿನಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದ ನನ್ನ ಮಗಳಿಗೂ ಕೇಳಿಸಿತು.

ಪುಟ್ಟಸ್ವಾಮಣ್ಣ ನನ್ನ ದೊಡ್ಡಮ್ಮನ ಮಗ. ಹುಣಸೂರಿನಿಂದ ಹಿಡಿದು ಸಾಲಿಗ್ರಾಮದವರೆಗೆ ನಮ್ಮವರಲ್ಲಿ ಯಾರ ಮನೆಯಲ್ಲಿ ಹೆಣ್ಣಿದೆ, ಯಾರ ಮನೆಯಲ್ಲಿ ಗಂಡಿದೆ ಎಂಬುದೆಲ್ಲ ಅವನ ತಲೆಯಲ್ಲಿದೆ. ಹಿಂದಿನ ಭಾನುವಾರ ಪಿರಿಯಾಪಟ್ಟಣದ ಕಡೆಯವರನ್ನು ನನ್ನ ಸುಷ್ಮಾಳನ್ನು ನೋಡಲೆಂದು ಕರೆತಂದವನೂ ಅವನೇ.

"ತಂಗಿ, ಬೇಜಾರ್ ಮಾಡ್ಕಬ್ಯಾಡ ಕಣವ್ವ," ಎಂದ. "ಹುಡ್ಗಿ ಲಕ್ಷಣವಾಗವಳೆ, ಓದವಳೆ, ಸ್ಕೂಲಲ್ಲಿ ಕೆಲ್ಸ ಐತೆ, ಎಲ್ಲಾ ಸರಿ ಅಂತವ್ರೆ. ಆದ್ರೆ ಇನ್ನೂ ಮಕ್ಕಳ ಬುದ್ಧಿ ಓಗಿಲ್ಲ ಅಂತ. ಇಪ್ಪತ್ತಾರು ವರ್ಸದೋಳು ಕಾರ್ಟೂನ್ ನೋಡ್ಕಂಡು ಕುಂತ್ರೆ ನಾಳೆ ಸಂಸಾರ ಎಂಗ್ ತೂಗಿಸ್ತಾಳೆ ಅಂತ ಹುಡುಗನ ತಾಯಿ ಅಂದ್ರು. ನಾನೇನ್ ಹೇಳ್ಲಿ, ಬುಡು, ಬೇರೆ ನೋಡವ."

ಮೈ ಉರಿದುಹೋಯಿತು. ಸಂಬಂಧ ತಪ್ಪಿತು ಎಂಬ ಉರಿ ಒಂದು ಪಾಲು. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ, ಅದು ಭಗವಂತನ ಕೆಲಸ, ನನ್ನದಲ್ಲ. ಆದರೆ 'ಮಕ್ಕಳ ಬುದ್ಧಿ' ಎಂಬ ಮಾತಿದೆ ನೋಡಿ, ಅದು ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ಪುಟ್ಟಸ್ವಾಮಣ್ಣ ಒಳ್ಳೆಯವನೇ, ಆದರೆ ಅವನ ಬಾಯಿಂದ ಅವನ ಹೆಂಡತಿಗೆ, ಅವಳಿಂದ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೋಗಿ, ತಿಂಗಳೊಪ್ಪತ್ತಿನಲ್ಲಿ ನನ್ನ ಮಗಳಿಗೆ ತಲೆ ಸರಿಯಿಲ್ಲ ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಇನ್ನೊಂದು ಪಾಲು ಉರಿ ಯಾತಕ್ಕೆಂದರೆ, ಅವಳಿಗೆ ಆ ಹುಡುಗ ಇಷ್ಟವಾಗಿದ್ದ. ಹೇಳಿರಲಿಲ್ಲ. ಹಿತ್ತಲಲ್ಲಿ ಅವನೊಡನೆ ಹತ್ತು ನಿಮಿಷ ಮಾತಾಡಿ ಒಳಗೆ ಬಂದವಳು ಒಂದು ಚೊಂಬು ನೀರನ್ನು ಒಂದೇ ಗುಕ್ಕಿಗೆ ಕುಡಿದು ಗೋಡೆ ನೋಡಿ ನಕ್ಕಿದ್ದಳು. ಹೆತ್ತವಳಿಗೆ ಅಷ್ಟು ಸಾಕು.

ಮತ್ತೂ ಒಂದು ಪಾಲು ಉರಿ ನನ್ನ ಮೇಲೆಯೇ. ಅದನ್ನು ಹೇಳಬೇಕೆಂದರೆ ಭಾನುವಾರದ್ದನ್ನು ಹೇಳಬೇಕು.

ಭಾನುವಾರ ಅವರು ನಾಲ್ಕು ಗಂಟೆಗೆ ಬರುತ್ತೇವೆ ಎಂದಿದ್ದರು. ಎರಡೂವರೆಗೇ ನನ್ನ ಕೇಸರಿಬಾತು, ಉಪ್ಪಿಟ್ಟು ಎಲ್ಲ ಮುಗಿದಿತ್ತು. ಸುಷ್ಮಾ ಸೀರೆ ಉಡಲು ಹೋದಳು. ಸ್ತೋತ್ರ ಹೇಳಿಕೊಂಡೆ, ನಡುವೆ ಎರಡು ಸಲ ಸಾಲು ತಪ್ಪಿತು. ಸುಮ್ಮನೆ ಟಿವಿ ಹಾಕಿಕೊಂಡು ನನ್ನ ದೋಣಿ ಹುಡುಗಿಯ ಬೊಂಬೆ ಚಿತ್ರದ ಒಂದು ಕಂತು ನೋಡುತ್ತಾ ಕೂತೆ. ಹೊರಗೆ ಕಾರಿನ ಸದ್ದಾಯಿತು, ತಟ್ಟನೆ ಆರಿಸಿ ಎದ್ದೆ. ಬಂದರು, ಕೂತರು, ಬಿಸಿಲು, ಹೊಗೆಸೊಪ್ಪು, ರಸ್ತೆಯ ಗುಂಡಿ ಎಲ್ಲ ಮಾತಾಯಿತು. ಮಾತು ನಿಂತಿತು. ಮಾತು ನಿಂತರೆ ನಮ್ಮ ಮನೆಯವರಿಗೆ ಕೈಕಾಲು ಆಡುವುದಿಲ್ಲ. ವಾರ್ತೆ ನೋಡೋಣ ಎಂದು ಟಿವಿ ಒತ್ತಿದರು. ಈಗಿನ ಟಿವಿಗಳು ಯಾವುದನ್ನೂ ಮರೆಯುವುದಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುವಾಯಿತು. ಗೋಡೆಯಗಲಕ್ಕೆ ಆ ಹುಡುಗಿ, ಮುಖಕ್ಕಿಂತ ದೊಡ್ಡ ಕಣ್ಣು, ಕಣ್ಣಿಂದ ಸೋರೆಕಾಯಿಯಷ್ಟು ದಪ್ಪ ಹನಿ.

ಹುಡುಗನ ತಾಯಿ ಸುತ್ತ ನೋಡಿ, "ಮನೇಲಿ ಚಿಕ್ಕ ಮಕ್ಕಳವ್ರಾ?" ಎಂದು ಕೇಳಿದರು.

ಮಕ್ಕಳಿಲ್ಲ. ಅವರಿಗೂ ಅದು ಗೊತ್ತು. ನಮ್ಮ ಮನೆಯವರು ರಿಮೋಟಿನಲ್ಲಿ ಆರಿಸುವ ಗುಂಡಿ ಹುಡುಕುತ್ತಿದ್ದರು. ನಾನು ತಟ್ಟೆ ಹಿಡಿದು ನಿಂತಿದ್ದೆ. ಐವತ್ತೊಂದು ವರ್ಷದವಳು, ಶುಕ್ರವಾರದ ಭಜನೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವಳು, ಐದು ನಿಮಿಷದ ಹಿಂದಷ್ಟೇ ಅವರ ಮುಂದೆ ನನ್ನ ವ್ರತಗಳನ್ನೆಲ್ಲ ಹೇಳಿಕೊಂಡವಳು. ನೋಡುತ್ತಿದ್ದವಳು ನಾನೇ ಎಂದು ಹೇಗೆ ಹೇಳಲಿ? ಆಗ ಕಾಫಿ ತರುತ್ತಿದ್ದ ಸುಷ್ಮಾ ಬಾಗಿಲಲ್ಲೇ ನಿಂತು, "ನಾನು ನೋಡ್ತಿದ್ದೆ ಆಂಟಿ," ಎಂದುಬಿಟ್ಟಳು.

ನಾನು ಸುಮ್ಮನಿದ್ದೆ. ಅದೇ ನೋಡಿ, ನನ್ನ ತಪ್ಪು. ಮಗಳು ಸುಳ್ಳು ಹೇಳಿ ನನ್ನ ಮಾನ ಉಳಿಸಿದಳು, ನಾನು ಕೇಸರಿಬಾತು ಬಡಿಸುತ್ತಾ ಅದನ್ನು ಉಳಿಸಿಕೊಂಡೆ.

ಈ ಬೊಂಬೆ ಚಿತ್ರ ನನಗೆ ಅಂಟಿಕೊಂಡದ್ದು ಹೇಗೆಂದು ಕೇಳಿದರೆ ನೀವು ನನ್ನನ್ನು ಅಷ್ಟು ಬೈಯಲಾರಿರಿ. ಸುಷ್ಮಾಗೆ ಒಂಬತ್ತು ವರ್ಷವಾಗಿದ್ದಾಗ ಕಾಮಾಲೆ ಬಂತು. ಕಣ್ಣು ಅರಿಸಿನ, ಉಗುರು ಅರಿಸಿನ. ಡಾಕ್ಟರ ಔಷಧಿಯೂ ಆಯಿತು, ಹನಗೋಡಿನ ಕಡೆಯ ಅಜ್ಜಿಯೊಬ್ಬರು ಕೊಡುತ್ತಿದ್ದ ಸೊಪ್ಪಿನ ರಸವೂ ಆಯಿತು, ಚುಂಚನಕಟ್ಟೆ ರಾಮನಿಗೆ ಹರಕೆಯೂ ಆಯಿತು. ಆದರೆ ಮಗು ಊಟ ಮುಟ್ಟುತ್ತಿರಲಿಲ್ಲ. ಉಪ್ಪಿಲ್ಲದ ಗಂಜಿ, ಎಣ್ಣೆ ಕಾಣದ ಅನ್ನ; ದೊಡ್ಡವರಿಗೇ ಇಳಿಯುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಕೇಬಲಿನಲ್ಲಿ ಜಪಾನಿನದೊಂದು ಚಿತ್ರ ಬರುತ್ತಿತ್ತು, ಹಿಂದಿಯಲ್ಲಿ. ನಮಗಿಬ್ಬರಿಗೂ ಹಿಂದಿ ಬಾರದು. ಒಂದು ದೊಡ್ಡ ಹೊಳೆ, ದೋಣಿ ನಡೆಸುವ ಒಬ್ಬಳು ಹುಡುಗಿ, ಸಿಡುಕು ಮೋರೆಯ ಒಬ್ಬ ಮುದುಕ. ಏನು ಮಾತಾಡುತ್ತಿದ್ದಾರೆಂದು ತಿಳಿಯದೆ ಮಗು ನನ್ನನ್ನು ಕೇಳುತ್ತಿತ್ತು, ನಾನು ಬಾಯಿಗೆ ಬಂದ ಹಾಗೆ ಹೇಳುತ್ತಿದ್ದೆ. ಹುಡುಗಿಗೆ ಗೌರಿ ಎಂದು ಹೆಸರಿಟ್ಟೆ, ಮುದುಕನಿಗೆ ಬೋರಪ್ಪ. ಬೋರಪ್ಪ ಗೌರಿಯ ತಾತ. ಅವನಿಗೆ ಮಂಡಿನೋವು, ಅದಕ್ಕೇ ಸಿಡುಕು. ಹೀಗೆ ಕಥೆ ನಡೆಯಿತು.

ಆ ಚಿತ್ರದಲ್ಲಿ ಅವರು ಊಟಕ್ಕೆ ಕೂರುವುದು ಬಹಳ. ಬಟ್ಟಲಿಂದ ಹಬೆ ಏಳುತ್ತದೆ. ತುತ್ತೆತ್ತುವ ಮುಂಚೆ ಇಬ್ಬರೂ ಕೈಮುಗಿಯುತ್ತಾರೆ. ನಾನು ಎಷ್ಟು ಹೇಳಿದರೂ ಕಲಿಯದಿದ್ದ ನನ್ನ ಮಗು, ಗೌರಿ ಕೈಮುಗಿದಾಗ ತಾನೂ ಕೈಮುಗಿಯಿತು. "ಗೌರಿ ತಿಂತಾವ್ಳೆ ನೋಡು, ನೀನೊಂದು ತುತ್ತು," ಎಂದರೆ ಬಾಯಿ ತೆರೆಯಿತು. ದಿನಾ ಸಂಜೆ ದೀಪ ಹಚ್ಚಿ ಆ ದಿನ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಬೆರಳಲ್ಲಿ ಎಣಿಸುವುದು ನನ್ನ ಅಭ್ಯಾಸ. ಆ ಎರಡು ತಿಂಗಳು ನನ್ನ ಎಣಿಕೆಯಲ್ಲಿ ಇದ್ದದ್ದು ಇವೇ: ಮೂರರಿಂದ ಮೂರೂವರೆ ಕರೆಂಟು ಹೋಗಲಿಲ್ಲ, ಮಗು ಆರು ತುತ್ತು ತಿಂದಿತು, ಬೋರಪ್ಪ ಇವತ್ತು ನಕ್ಕ.

ಆಮೇಲೆ ಮಗು ಎದ್ದು ಓಡಾಡಿತು, ಚಿತ್ರ ಮುಗಿಯಿತು, ಮರೆತೂಹೋಯಿತು. ಮೂರು ವರ್ಷದ ಹಿಂದೆ ಸುಷ್ಮಾ ಅದನ್ನು ಎಲ್ಲಿಂದಲೋ ಹುಡುಕಿ ತೆಗೆದಳು. ಇದಕ್ಕೆ ಕಾರ್ಟೂನು ಅನ್ನಬಾರದಂತೆ, ಅನಿಮೆ ಅನ್ನಬೇಕಂತೆ. ಈ ಸಲ ಜಪಾನಿನ ಮಾತಿನಲ್ಲೇ ಇತ್ತು, ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು. ಅವಳು ಓದಿ ಹೇಳತೊಡಗಿದಳು. ಬೋರಪ್ಪ ತಾತನೇ ಅಲ್ಲವಂತೆ. ದೋಣಿಯ ಯಜಮಾನನಂತೆ. ಹುಡುಗಿ ಅವನಲ್ಲಿ ಕೂಲಿಗಿರುವ ಅನಾಥೆಯಂತೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜಪಾನಿನವರಿಗೆ ಬುದ್ಧಿಯಿಲ್ಲ, ನಮ್ಮ ಕಥೆಯೇ ಸರಿಯಾಗಿತ್ತು ಎಂದು ಎರಡು ದಿನ ಟಿವಿ ಹಾಕಲು ಬಿಡಲಿಲ್ಲ. ಮೂರನೆಯ ದಿನ ನಾನೇ ಹಾಕು ಎಂದೆ. ತಾತನಲ್ಲದವನು ಅವಳಿಗೆ ಮೀನಿನ ದೊಡ್ಡ ತುಂಡು ಎತ್ತಿಡುವುದನ್ನು ನೋಡಿದಾಗ, ತಾತನಾಗಿದ್ದರೆ ಅದರಲ್ಲಿ ಅಂಥ ದೊಡ್ಡದೇನೂ ಇರಲಿಲ್ಲ ಎನಿಸಿತು. ಅತ್ತುಬಿಟ್ಟೆ.

ಹಾಗೆ ನಾಲ್ಕು ಸಲ ನೋಡಿದ್ದೇನೆ. ನಗಬೇಡಿ. ಹಳೆಯ ಚಿತ್ರ, ಕೈಯಲ್ಲಿ ಬರೆದದ್ದು. ಒಂದೇ ಮೋಡ ಎಲ್ಲ ಕಂತಿನಲ್ಲೂ ಹಾದುಹೋಗುತ್ತದೆ. ಮಾತಾಡುವಾಗ ಬಾಯಿ ಮಾತ್ರ ಆಡುತ್ತದೆ, ಮಿಕ್ಕ ಮುಖ ಕಲ್ಲಿನ ವಿಗ್ರಹದಂತೆ ಇರುತ್ತದೆ. ನಡುನಡುವೆ ಯಾರೂ ಮಾತಾಡುವುದೇ ಇಲ್ಲ, ನೀರಿನ ಸದ್ದು, ಜೀರುಂಡೆ ಸದ್ದು, ಅಷ್ಟೇ. ಮೊದಲ ಸಲ ಹುಡುಗಿಯನ್ನು ನೋಡಿದೆ. ಎರಡನೆಯ ಸಲ ಮುದುಕನನ್ನು. ಆಮೇಲಾಮೇಲೆ ಕಂಡವಳು, ಪ್ರತಿ ಕಂತಿನಲ್ಲೂ ತಲೆಯ ಮೇಲೆ ಬುಟ್ಟಿ ಹೊತ್ತು ಹೊಳೆ ದಾಟುವ ಒಬ್ಬ ಹೆಂಗಸು. ಅವಳಿಗೆ ಹೆಸರಿಲ್ಲ, ಒಂದು ಮಾತೂ ಇಲ್ಲ. ಆದರೆ ಚಿತ್ರ ಬರೆದ ಪುಣ್ಯಾತ್ಮ ಅವಳ ಅಂಗಿಯ ತೋಳಿಗೆ ಒಂದು ತೇಪೆ ಬರೆದಿದ್ದಾನೆ, ಕೊನೆಯ ಕಂತುಗಳಲ್ಲಿ ಎರಡನೆಯ ತೇಪೆ. ಅದನ್ನು ಯಾರು ನೋಡಲಿ ಎಂದು ಬರೆದನೋ. ನಾನು ನೋಡಿದೆ. ಶುರುವಿನ ಹಾಡು ಬಂದಾಗ ಟಿವಿ ಮೂಲೆಯಲ್ಲಿ, ಹಾಡು ಬಿಟ್ಟು ಮುಂದೆ ಹೋಗುತ್ತೀರಾ ಎಂದು ಕೇಳುತ್ತದೆ. ಅದಕ್ಕೂ ನನಗೆ ಕೋಪ. ಮಂಗಳಾರತಿ ಬಿಟ್ಟು ಬರೀ ಪ್ರಸಾದ ತಿನ್ನುತ್ತೀರಾ ಎಂದು ಕೇಳಿದ ಹಾಗೆ.

ಇದಕ್ಕೆ ಮಕ್ಕಳ ಬುದ್ಧಿ ಎನ್ನುತ್ತಾರಲ್ಲ, ನೀವೇ ಹೇಳಿ. ಅದೇ ಹುಡುಗನ ತಾಯಿ ಕಾಫಿ ಕುಡಿಯುತ್ತಾ ತಾವು ಸಂಜೆ ಆರರಿಂದ ಅಲ್ಲಾಡದೆ ಸೀರಿಯಲ್ಲು ನೋಡುವುದಾಗಿ ನನಗೆ ಹೇಳಿದ್ದರು. ಸೊಸೆಯ ಹಾಲಿಗೆ ಅತ್ತೆ ವಿಷ ಹಾಕುವುದು, ಮೈತುಂಬ ಒಡವೆ ಹಾಕಿಕೊಂಡು ಮಲಗುವುದು, ಸತ್ತವನು ಬೇರೆ ಮುಖ ಹೊತ್ತು ಬರುವುದು. ಅದು ದೊಡ್ಡವರದ್ದು. ನಮ್ಮ ಮನೆಯವರು ಯಾವತ್ತೋ ಗೆದ್ದ ಕ್ರಿಕೆಟ್ಟನ್ನು ಇವತ್ತೂ ಉಸಿರು ಬಿಗಿಹಿಡಿದು ನೋಡುತ್ತಾರೆ. ಅದೂ ದೊಡ್ಡವರದ್ದು. ಅನ್ನಕ್ಕೆ ಕೈಮುಗಿಯುವ ಒಂದು ಅನಾಥ ಮಗುವನ್ನು ನೋಡಿದರೆ ಸಂಸಾರ ತೂಗಿಸಲು ಬರುವುದಿಲ್ಲವಂತೆ.

ಪುಟ್ಟಸ್ವಾಮಣ್ಣ ಫೋನಿಟ್ಟ ಮೇಲೆ ನಾನು ಕೈ ತೊಳೆದೆ. ನಮ್ಮಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ನೇರ ಫೋನು ಮಾಡುವ ಪದ್ಧತಿಯಿಲ್ಲ. ಏನಿದ್ದರೂ ಮಧ್ಯಸ್ಥರ ಮೂಲಕ. ನಿರಾಕರಿಸಿದ ಮೇಲಂತೂ ಮಾಡಿದರೆ ಕಾಲು ಹಿಡಿಯಲು ಮಾಡಿದರು ಎಂದೇ ಲೆಕ್ಕ. ಭಾನುವಾರ ಹೊರಟೆವೆಂದು ತಿಳಿಸಲು ಹುಡುಗನ ತಾಯಿ ಮಾಡಿದ್ದ ನಂಬರು ಫೋನಿನಲ್ಲಿತ್ತು. ದೇವರ ಮನೆ ಕಡೆ ಒಮ್ಮೆ ನೋಡಿ ಒತ್ತಿದೆ.

"ನಾನು ಹುಣಸೂರಿಂದ, ಸುಷ್ಮಾ ತಾಯಿ," ಎಂದೆ. "ಸಂಬಂಧ ಕೇಳಕೆ ಮಾಡಿಲ್ಲ ಕಣ್ರೀ. ಅವತ್ತು ಅದನ್ನ ನೋಡ್ತಿದ್ದೋಳು ನಾನು. ಅವಳು ನನ್ನ ಮಾನ ಮುಚ್ಚಕೆ ತಾನು ಅಂದ್ಲು. ಮಕ್ಕಳ ಬುದ್ಧಿ ಇದ್ರೆ ಅದು ನಂದು, ಅವಳದಲ್ಲ."

ಆಕೆ, ಆಯಿತು, ಮನೆಯವರಿಗೆ ಹೇಳುತ್ತೇನೆ ಎಂದು ತಣ್ಣಗೆ ಹೇಳಿ ಇಟ್ಟರು. ನನಗೆ ಹಗುರವಾಯಿತು. ಸುಳ್ಳು ತೊಳೆದುಹೋಯಿತು ಎಂದುಕೊಂಡು ತಿರುಗಿದರೆ ಸುಷ್ಮಾ ಕೆಂಪು ಪೆನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಕಣ್ಣು ಒದ್ದೆ, ಆದರೆ ಅಳು ಅಲ್ಲ, ಸಿಟ್ಟು.

"ಯಾಕಮ್ಮ ಹಂಗಂದೆ?"

"ನಿಜ ತಾನೇ ಹೇಳ್ದೆ."

"ಯಾವ್ದು ನಿಜ? ನಾನು ನೋಡಲ್ವ? ನಾನೇ ಹುಡುಕಿ ತಂದಿದ್ದಲ್ವ? ಅವರು ಅದನ್ನ ಕೊಳಕು ಅಂದ್ರು, ನೀನು ಹೂಂ ಕಣ್ರೀ ಕೊಳಕೇ, ಆದ್ರೆ ನನ್ನ ಮಗಳ ಕೈಗೆ ಮೆತ್ತಿಲ್ಲ ಅಂದೆ. ಅಷ್ಟೇ ನೀನು ಮಾಡಿದ್ದು."

ತೊಳೆದ ಕೈಯನ್ನೇ ಮತ್ತೆ ಸೆರಗಿಗೆ ಒರೆಸಿದೆ. ಅವಳು ಮೆಲ್ಲಗೆ ಹೇಳಿದಳು: "ಹಿತ್ತಲಲ್ಲಿ ಆ ಹುಡುಗ ಕೇಳಿದ ಕಣಮ್ಮ, ಅದೇನು ಚಿತ್ರ ಅಂತ. ನಾನು ಗೌರಿ ಕಥೆ ಎಲ್ಲಾ ಹೇಳ್ದೆ. ನನಗೆ ಕಾಮಾಲೆ ಆಗಿದ್ದೂ ಹೇಳ್ದೆ. ಈಗ ನೀನು ಹೋಗಿ ಅವಳು ನೋಡೋದೇ ಇಲ್ಲ ಅಂದ್ರೆ, ನಾನು ಹೇಳಿದ್ದು ಏನಾಯ್ತು?"

ಆ ನೀರು ಕುಡಿದು ನಕ್ಕದ್ದು ಯಾತಕ್ಕೆಂದು ಆಗ ಗೊತ್ತಾಯಿತು. ಅವಳು ಒಬ್ಬ ಪರಿಚಯವಿಲ್ಲದ ಗಂಡಸಿನ ಮುಂದೆ ತಲೆಯೆತ್ತಿ ಹೇಳಿಕೊಂಡದ್ದನ್ನು ನಾನು ಒಂದು ಫೋನಿನಲ್ಲಿ ಸುಳ್ಳು ಮಾಡಿದ್ದೆ. ಅದೂ ದೇವರ ಮನೆ ಕಡೆ ನೋಡಿಕೊಂಡು.

ಮತ್ತೆ ಒತ್ತಿದೆ. ಎರಡನೆಯ ಸಲ ಎತ್ತುತ್ತಾರೋ ಇಲ್ಲವೋ ಎಂದಿದ್ದೆ, ಎತ್ತಿದರು.

"ಇನ್ನೊಂದು ಮಾತು ಬಿಟ್ಟೋಗಿತ್ತು," ಎಂದೆ. "ಅವಳೂ ನೋಡ್ತಾಳೆ. ಇಬ್ರೂ ಜೊತೇಲಿ ಕೂತು ನೋಡ್ತೀವಿ. ಅದು ನನ್ನ ಮಗೂಗೆ ಅನ್ನ ಉಣ್ಸಿದ ಚಿತ್ರ. ಅದ್ರಲ್ಲಿ ನಾಚ್ಕೊಳೋ ಅಂತದ್ದು ಏನಿಲ್ಲ, ನಾನು ಅವತ್ತು ಸುಮ್ನೆ ನಾಚ್ಕೊಂಡೆ. ಮದುವೆ ಆದ್ಮೇಲೂ ನೋಡ್ತಾಳೆ, ಯಾರ ಮನೆಗೆ ಹೋದ್ರೂ. ಒಪ್ಪೋರು ಒಪ್ಕೊಳ್ಳಿ."

ಆಕೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎಷ್ಟು ಕಂತು ಇದೆ ಅದು, ಎಂದು ಕೇಳಿದರು. ನಲವತ್ತು ಚಿಲ್ಲರೆ ಎಂದೆ. ಹೂಂ ಎಂದು ಇಟ್ಟರು. ಆ ಹೂಂ ಯಾವ ಬಗೆಯದೋ ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗಬೇಕೆಂಬ ಆತುರವೂ ಇಲ್ಲ. ಸುಷ್ಮಾ ಒಳಗೆ ಹೋಗಿ ಪೇಪರು ತಿದ್ದಲು ಕೂತಳು. ಬಾಗಿಲು ಮಾತ್ರ ಹಾಕಿಕೊಳ್ಳಲಿಲ್ಲ.

ಗಂಟೆ ಒಂದಾಗುತ್ತಾ ಬಂದಿತ್ತು, ಮನೆಯವರು ಹೊಲದಿಂದ ಬರುವ ಹೊತ್ತು. ಮುದ್ದೆಗೆ ಎಸರಿಟ್ಟೆ. ಕುದಿ ಬಂದಾಗ ಹಿಟ್ಟು ಸುರಿದು, ಪಾತ್ರೆಯನ್ನು ಕಾಲಲ್ಲಿ ಒತ್ತಿಹಿಡಿದ ಕವೆಗೋಲಿಗೆ ಸಿಕ್ಕಿಸಿ, ಕೋಲು ಹಿಡಿದು ತಿರುವತೊಡಗಿದೆ. ಮೈಯಲ್ಲಿ ಉಳಿದಿದ್ದ ಉರಿಯನ್ನೆಲ್ಲ ಹಾಕಿ ತಿರುವಿದ್ದಕ್ಕೋ ಏನೋ, ಮುದ್ದೆಯಲ್ಲಿ ಒಂದು ಗಂಟೂ ಉಳಿಯಲಿಲ್ಲ.