ಸೀಟಿನ ಮೇಲೆ ಬಿದ್ದ ಟವೆಲ್

ಬಸ್ಸಿನ ಕಿಟಕಿಯೊಳಗೆ ಟವೆಲ್ ಒಗೆದು ಸೀಟು ಹಿಡಿಯುವುದನ್ನು ನನಗೆ ಕಲಿಸಿದವಳು ಅಕ್ಕ. ಅಕ್ಕಿಆಲೂರಿನ ಸಂತೆಯ ದಿನ ಹಾನಗಲ್ಲಿನ ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ಓಡಬೇಕು, ಕಿಟಕಿ ಎದುರಿಗೆ ಬಂದ ಕೂಡಲೇ ತೋಳು ಬೀಸಬೇಕು. ಟವೆಲ್ ಬಿದ್ದರೆ ಸೀಟು ನಿಮ್ಮದು. ಆಮೇಲೆ ನೀವು ಚಹಾ ಕುಡಿದು ಬಂದರೂ ಅದರ ಮೇಲೆ ಯಾರೂ ಕೂರುವುದಿಲ್ಲ. ಪಂಚಾಯಿತಿ ಅಧ್ಯಕ್ಷರಾದರೂ ಕಂಬಿ ಹಿಡಿದು ನಿಲ್ಲಬೇಕು. ಹಳ್ಳಿಯವರ ಚಟ ಎಂದು ನಗುವವರು ನಗಲಿ. ನಮ್ಮಲ್ಲಿ ಅದೇ ಕಾಯಿದೆ, ಅಕ್ಕನ ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ.

ಆ ಅಕ್ಕ ಮದುವೆಯಾಗಿ ಮುಂಬೈ ಸೇರಿ ಬಹಳ ವರ್ಷಗಳಾಗಿದ್ದವು. ಅವ್ವನ ಮೊಣಕಾಲು ನೋವು ಹೆಚ್ಚಿದಾಗ, ಅಲ್ಲಿಯ ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದು ಅವಳೇ ಕರೆಸಿಕೊಂಡಳು. ಜೊತೆಗೆ ತಂಗಿಯಾದ ನಾನು ಹೋದೆ. ಮುಂಬೈಯನ್ನು ನಾನು ಕಂಡದ್ದು ಅದೇ ಮೊದಲು. ಕಾಲಿಟ್ಟ ದಿನವೇ ಅಕ್ಕನ ಪಾಠ ಶುರುವಾಯಿತು.

"ಗಟ್ಟಿ ಮಾತಾಡಬ್ಯಾಡ್ರಿ. ಗುರ್ತಿಲ್ಲದವರಿಗೆ ಯಾವೂರು ಅಂತ ಕೇಳಬ್ಯಾಡ್ರಿ. ಲಿಫ್ಟಿನ್ಯಾಗ ಯಾರ ಮಾರಿನೂ ನೋಡಬ್ಯಾಡ್ರಿ."

"ಕಣ್ಣು ಮುಚ್ಕೊಂಡು ಬರ್ಲೇನಕ್ಕಾ?" ಎಂದೆ. ಅವ್ವ ನಕ್ಕಳು, ಅಕ್ಕ ನಗಲಿಲ್ಲ.

ಡಾಕ್ಟರ ಬಳಿ ಹೋಗಲು ಲೋಕಲ್ ಗಾಡಿಯಲ್ಲಿ ತಾಸಿಗೂ ಮಿಕ್ಕಿದ ದಾರಿ. ಅವ್ವನಿಗೆ ಅಷ್ಟು ಹೊತ್ತು ನಿಲ್ಲಲಾಗದು, ನೆಲಕ್ಕೆ ಕೂತರೆ ಏಳಲಾಗದು. ಸೀಟು ಸಿಗಲೇಬೇಕಿತ್ತು. ಪ್ಲಾಟ್‌ಫಾರ್ಮಿನ ತುಂಬ ಜನ. ನಮ್ಮ ಸಂತೆಗೆ ಬರುವ ಅಷ್ಟೂ ಊರಿನವರನ್ನು ಅದರ ಒಂದು ಮೂಲೆಯಲ್ಲಿ ನಿಲ್ಲಿಸಬಹುದಿತ್ತು. ಹೆದರಿದೆ, ನಿಜ, ಆದರೆ ಹೆದರಿದಾಗ ನನಗೆ ಬರುವುದು ಸಿಟ್ಟು. ಗಾಡಿ ಖಾಲಿಯಾಗಿ ಬಂತು. ಹೆಂಗಸರ ಡಬ್ಬಿ ಎದುರಿಗೆ ಬಂದ ಕೂಡಲೇ ಚೀಲದಿಂದ ಟವೆಲ್ ಎಳೆದೆ, ಕಿಟಕಿಯ ಸರಳುಗಳ ಸಂದಿಯಿಂದ ಒಗೆದೆ. ಸರಿಯಾಗಿ ಸೀಟಿನ ಮೇಲೆಯೇ ಬಿತ್ತು.

ಅವ್ವನನ್ನು ನಡುವೆ ಇಟ್ಟುಕೊಂಡು ನಾವು ಒಳಗೆ ನುಗ್ಗುವಷ್ಟರಲ್ಲಿ ಅಲ್ಲಿ ಆಫೀಸಿಗೆ ಹೊರಟ ಹೆಂಗಸೊಬ್ಬಳು ಕೂತಿದ್ದಳು. ನನ್ನ ಟವೆಲನ್ನು ಎರಡು ಬೆರಳಲ್ಲಿ ಎತ್ತಿ, ಯಾರದು ಎಂದು ಹಿಂದಿಯಲ್ಲಿ ಕೇಳುತ್ತಿದ್ದಳು.

"ನಂದ್ರಿ. ಏಳ್ರಿ," ಎಂದೆ.

ಅವಳು ಟವೆಲನ್ನು ನನ್ನ ಕೈಗಿಟ್ಟು ಫೋನು ನೋಡತೊಡಗಿದಳು. ನನ್ನ ಪಿತ್ತ ನೆತ್ತಿಗೇರಿತು. "ಟಾವೆಲ್ ಹಾಕಿದ್ದು ಕಾಣಲಿಲ್ಲೇನ್ರಿ? ನಿಮ್ಮೂರಾಗ ನ್ಯಾಯ ಅನ್ನೂದು ಐತೋ ಇಲ್ಲೋ?"

"ಸುಮ್ನಿರ ಯವ್ವಾ, ಮಂದಿ ನೋಡಾಕತ್ತಾರ," ಎಂದು ಅಕ್ಕ ನನ್ನನ್ನು ತಡೆದಳು.

"ನೋಡ್ಲಿ ಬಿಡು."

ಅಕ್ಕ ಹಿಂದೆ ಸರಿದು, ನಮಗೂ ತನಗೂ ಸಂಬಂಧವೇ ಇಲ್ಲ ಎಂಬಂತೆ ಬಾಗಿಲ ಕಡೆ ಮುಖ ಮಾಡಿ ನಿಂತಳು. ಸೀಟು ಹೋದದ್ದಕ್ಕಿಂತ ಅದರಿಂದ ನನಗೆ ಹೆಚ್ಚು ನೋವಾಯಿತು. ಅವ್ವನೂ ಅದನ್ನು ನೋಡಿದಳು.

ಅಷ್ಟರಲ್ಲಿ ನಿಂತ ಹೆಂಗಸರು ಕೂತವರನ್ನು ಒಬ್ಬೊಬ್ಬರಾಗಿ, ಎಲ್ಲಿ ಇಳಿಯುತ್ತೀರಿ ಎಂದು ಕೇಳತೊಡಗಿದರು. ಮೊದಲು ಕೇಳಿದವಳಿಗೆ ಆ ಸೀಟು ಖಾತ್ರಿ. ನಡುವೆ ಇನ್ನೊಬ್ಬಳು ಬರುವಂತಿಲ್ಲ. ಅಂದರೆ ಇವರೂ ಸೀಟು ಹಿಡಿಯುವವರೇ. ಕಿಟಕಿಯೊಳಗೆ ಅರಿವೆ ಒಗೆದರೆ ಹಳ್ಳಿಗರು, ಬರೀ ಮಾತು ಒಗೆದರೆ ಪಟ್ಟಣದವರು! ಆ ಮಹಾನಗರದ ಮೇಲಿದ್ದ ನನ್ನ ಅಂಜಿಕೆ ಅರ್ಧ ಅಲ್ಲೇ ಇಳಿದುಹೋಯಿತು. ನನ್ನ ಸೀಟಿನಲ್ಲಿ ಕೂತಿದ್ದ ಆ ಹೆಂಗಸಿನ ಭುಜದ ಮೇಲೆ ಕೈಯಿಟ್ಟು, ಅವ್ವನ ಮೊಣಕಾಲು ತೋರಿಸಿ, "ಚೂರು ಸರೀರಿ," ಎಂದೆ. ಮೂವರ ಸೀಟಿನ ಅಂಚಿನಲ್ಲಿ ಒಂದು ಗೇಣು ಜಾಗವಾಯಿತು. ಅವ್ವ ಅರ್ಧ ಕೂತು, ಅರ್ಧ ನನಗೆ ಆತುಕೊಂಡೇ ದಾರಿ ಕಳೆದಳು.

ಡಾಕ್ಟರು ಗುಳಿಗೆ ಬರೆದು, ಒಂದಿಷ್ಟು ವ್ಯಾಯಾಮ ಹೇಳಿ ಕಳಿಸಿದರು. ಸಂಜೆ ತಿರುಗಿ ಬರುವಾಗ ಸ್ಟೇಶನ್ನಿನಲ್ಲಿ ಬೆಳಗಿನ ದುಪ್ಪಟ್ಟು ಜನ. ಅವ್ವನ ಕಾಲು ಬಾತಿತ್ತು. ನಾನು ಚೀಲಕ್ಕೆ ಕೈಹಾಕುವುದನ್ನು ನೋಡಿ ಅವಳು ನನ್ನ ಮುಂಗೈ ಹಿಡಿದಳು.

"ಬ್ಯಾಡವಾ. ಅಕ್ಕಗ ನಾಚಿಕಿ ಆಗ್ತೈತಿ. ನಾ ನಿಂದರ್ತೇನಿ."

ಅಕ್ಕ ಪಕ್ಕದಲ್ಲೇ ಇದ್ದಳು. ಅವಳಿಗೂ ಅದು ಕೇಳಿಸಿತು. ಗಾಡಿ ಒಳಗೆ ಬರುತ್ತಿದ್ದಂತೆ ನನ್ನ ಕೈಯಿಂದ ಟವೆಲ್ ಕಿತ್ತುಕೊಂಡು ಅದರ ಜೊತೆ ಓಡಿದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಳ್ಳಲ್ಲ. ತೋಳು ಬೀಸಿದಳು, ಟವೆಲ್ ಸೀಟಿನ ನಟ್ಟನಡುವೆ ಬಿತ್ತು.

ನಾವು ಹತ್ತಿದಾಗ ಅದರ ಮೇಲೆ ಒಬ್ಬಳು ಕೂತೇಬಿಟ್ಟಿದ್ದಳು. ಅಕ್ಕನಿಗೆ ಹಿಂದಿ, ಮರಾಠಿ ಎರಡೂ ಸಲೀಸು. ಆದರೆ ಆಗ ಅವಳ ಬಾಯಿಂದ ಬಂದದ್ದು ಅಕ್ಕಿಆಲೂರಿನ ಬಸ್‌ಸ್ಟ್ಯಾಂಡಿನ ಕನ್ನಡ.

"ಏಳ್ರಿ ಮ್ಯಾಲ. ಟಾವೆಲ್ ನಮ್ದೈತಿ. ಈಕಿ ನಮ್ಮವ್ವ, ಇಲ್ಲೆ ಕುಂದರ್ತಾಳ."

ಒಂದಕ್ಷರವೂ ತಿಳಿಯದ ಆ ಹೆಂಗಸು ಎದ್ದು ನಿಂತಳು. ಅವ್ವ ಕೂತು ಕಾಲು ಚಾಚಿದಳು. ಡಬ್ಬಿಯ ಮಂದಿಯೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅಕ್ಕ ಈ ಸಲ ಬಾಗಿಲ ಕಡೆ ತಿರುಗಲಿಲ್ಲ.