ಹದಿಮೂರನೆಯವಳು

ಬೆಳಕು ಹರಿಯುವ ಮುನ್ನ ಡೆರ್ವಲಾ ಒಲೆಯ ಬೂದಿ ತೆಗೆದು ಬೆಂಕಿ ಎಬ್ಬಿಸಬೇಕು. ರಾತ್ರಿ ಹುಟ್ಟಿದ ಕರುವಿಗೆ ಗಿಣ್ಣುಹಾಲು ಕುಡಿಸಬೇಕು. ಅರವತ್ತು ಹಸುಗಳಿಗೆ ಹಾಲಿನ ಯಂತ್ರ ಹಾಕಬೇಕು. ಅತ್ತೆ ಹನೋರಾಳ ಒದ್ದೆ ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಿ, ಓಟ್ಸ್ ಗಂಜಿ ತಿನ್ನಿಸಬೇಕು. ಆಮೇಲೆ ಗಂಡ ಕಾನ್ ಎದ್ದು ಮೇವು ಹಾಕುತ್ತಾನೆ. ಊರಿನ ಲೆಕ್ಕದಲ್ಲಿ ಬೇಸಾಯ ಅವನದು.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಲೀಗ್ ನಡೆಯುವಷ್ಟು ದಿನ, ಇನ್ನೊಂದು ಕೆಲಸ. ಒಲೆಯ ಮೇಲಿನ ಹಗ್ಗದಿಂದ ಹದಿನೈದು ಅಂಗಿ ಇಳಿಸಿ, ಮಡಿಚಿ, ಚೀಲಕ್ಕೆ ತುಂಬುವುದು. ನಮ್ಮ ಹೆಂಗಸರು ಕೋಲು-ಚೆಂಡಿನಿಂದ ಆಡುವ ಐರಿಶ್ ಆಟ ಕಮೋಗಿಯ ತಂಡದಲ್ಲಿ ಅಂಗಿ ಒಗೆಯಲು ಸರದಿಯಿದೆ. ಡೆರ್ವಲಾಳ ಒಲೆ ಹಗಲಿರುಳು ಉರಿಯುತ್ತದಲ್ಲ ಎಂದು ಸರದಿ ಅವಳಲ್ಲೇ ನಿಂತುಬಿಟ್ಟಿತ್ತು. ಗಂಡಸರ ತಂಡದ ಅಂಗಿಗಳನ್ನು ಯಾರು ಒಗೆಯುತ್ತಾರೆಂದು ಆಡುವವರಿಗೇ ಗೊತ್ತಿರಲಿಲ್ಲ. ಪಾರ್ಶ್ವವಾಯು ಬಡಿಯುವವರೆಗೆ, ಇಪ್ಪತ್ತೆರಡು ವರ್ಷ, ಒಗೆದವಳು ಹನೋರಾ.

ಲೀಗ್ ಶುರುವಾದಾಗ ಹದಿನೇಳು ಜನರಿದ್ದರು. ಒಬ್ಬಳು ಆಸ್ಟ್ರೇಲಿಯಾಕ್ಕೆ ಹೋದಳು, ಇಬ್ಬರು ಬಸುರಿಯಾದರು, ಒಬ್ಬಳ ಹೆಗಲ ಎಲುಬು ಮುರಿಯಿತು. ಗೋಲು ಕಾಯುವ ಡೆರ್ವಲಾಳ ಕಿರುಬೆರಳೂ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿದರೆ ಹಾಲು ಕರೆಯಲಾಗದು ಎಂದು ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿ ಸುತ್ತಿಕೊಂಡಳು. ಕೊನೆಗೆ ಹದಿಮೂರು ಜನ ಉಳಿದರು. ಅದಕ್ಕಿಂತ ಕಮ್ಮಿಯಾದರೆ ಆಟವಿಲ್ಲ, ಅಂಕ ಎದುರಾಳಿಗೆ. ಮಾರ್ಚಿನಲ್ಲಿ ಒಮ್ಮೆ, ಕಾನ್ ಹೇಳಿದ ಹೊತ್ತಿಗೆ ಮನೆಗೆ ಬಾರದೆ ಡೆರ್ವಲಾ ಅತ್ತೆಯ ಬಳಿಯೇ ಉಳಿಯಬೇಕಾಗಿ, ಹಾಗಾಗಿತ್ತು. ಇನ್ನೊಮ್ಮೆ ಆದರೆ ತಂಡದ ಹೆಸರೇ ಲೀಗಿನಿಂದ ಹೋಗುತ್ತದೆ. ಹಾಗೆ ಹೋದ ಯಾವ ತಂಡವೂ ನಮ್ಮ ಕಡೆ ಮರಳಿ ಬಂದದ್ದಿಲ್ಲ.

ಕೊನೆಯ ಭಾನುವಾರ. ಆಟ ಎರಡು ಗಂಟೆಗೆ, ಪಕ್ಕದ ಪ್ಯಾರಿಷ್‌ನ ಬಯಲಿನಲ್ಲಿ, ಅಂದರೆ ಬೇರೆ ಚರ್ಚಿಗೆ ಸೇರಿದ ಊರಿನಲ್ಲಿ. ನಮ್ಮ ಮೈದಾನವನ್ನು ಗಂಡಸರ ಅಭ್ಯಾಸದ ಪಂದ್ಯಕ್ಕೆ ಕೊಟ್ಟಿದ್ದರು.

"ಒಂದು ಗಂಟೆಗೆ ಬರ್ತೀಯ ತಾನೆ?" ಎಂದು ಡೆರ್ವಲಾ ಬೆಳಗ್ಗೆಯೇ ಗಂಡನನ್ನು ಕೇಳಿದಳು.

"ಬರ್ತೀನಿ ಮಾರಾಯ್ತಿ. ಎಷ್ಟು ಸಲ ಹೇಳೋದು?"

"ಮಾರ್ಚಲ್ಲೂ ಹೀಗೇ ಅಂದಿದ್ದೆ."

"ನಾನು ಹೆಂಡ್ತೀನ ಕಟ್ಕೊಂಡಿಲ್ಲ, ರೆಫರಿನ ಕಟ್ಕೊಂಡಿದೀನಿ," ಎಂದು ಕಾನ್ ಟೋಪಿ ಹಾಕಿಕೊಂಡು ಹೊರಟ.

ಒಂದೂಕಾಲಿಗೆ ಬಂದದ್ದು ಅವನಲ್ಲ, ಜೊತೆ ಆಟಗಾರ್ತಿ ಊನಾ. ಡೆರ್ವಲಾ ಗಂಡನಿಗೆ ಫೋನ್ ಮಾಡಿದಳು.

"ಇಬ್ಬರು ಹುಡುಗ್ರು ಬಂದಿಲ್ಲ, ನಾನೇ ಆಡ್ತಿದೀನಿ ಕಣೇ," ಎಂದ ಕಾನ್, ಏದುಸಿರು ಬಿಡುತ್ತ. "ಈಗಷ್ಟೇ ಅರ್ಧ ಆಗಿದೆ. ನೀವು ಹೇಗೂ ಸೋಲ್ತೀರ."

"ಅತ್ತೇನ ಒಂದೆರಡು ಗಂಟೆ ಬಿಟ್ಟು ಬಂದ್ರೆ?" ಎಂದಳು ಊನಾ ಮೆಲ್ಲಗೆ.

ಡೆರ್ವಲಾ ಗಾಲಿಕುರ್ಚಿಯಲ್ಲಿ ಕೂತಿದ್ದ ಹನೋರಾಳ ಕೆನ್ನೆಯತ್ತ ನೋಡಿದಳು. ಹೋದ ವಾರ ಈಯುತ್ತಿದ್ದ ಹಸುವನ್ನು ನೋಡಲು ಹತ್ತು ನಿಮಿಷ ಹೋಗಿದ್ದಾಗ ಮುದುಕಿ ಒಲೆಯಂಚಿಗೆ ಬಿದ್ದಿದ್ದಳು. ನೀಲಿ ಗುರುತು ಹಳದಿಗೆ ತಿರುಗಿತ್ತು.

ಊನಾ ಚೀಲ ಎತ್ತಿಕೊಂಡಳು. "ನಾವು ಹನ್ನೆರಡು ಜನ ಅಂಗಿ ತೊಟ್ಕೊಂಡು ನಿಂತಿರ್ತೀವಿ. ರೆಫರಿ ಹದಿನೈದು ನಿಮಿಷ ಕಾಯ್ತಾರೆ. ಗೋಲಲ್ಲಿ ನನ್ನ ನಿಲ್ಲಿಸಿದ್ರೆ ಗೊತ್ತಲ್ಲ, ಚೆಂಡು ಬಂದ್ರೆ ನಾನು ಪಕ್ಕಕ್ಕೆ ಸರಿಯೋಳು."

ಕಾರಿನ ಸದ್ದು ಕರಗಿತು. ಡೆರ್ವಲಾಳ ಒಂದನೇ ನಂಬರಿನ ಅಂಗಿ ಪಕ್ಕದ ಕುರ್ಚಿಯ ಮೇಲಿತ್ತು.

ಗಂಡಸರು ಆಡುತ್ತಿದ್ದ ನಮ್ಮ ಮೈದಾನ ಐದು ನಿಮಿಷದ ದಾರಿ. ಭಾನುವಾರ ಅರ್ಧ ಪ್ಯಾರಿಷ್ ಅಲ್ಲಿ ಬೇಲಿಗೆ ಒರಗಿ ನಿಂತಿರುತ್ತದೆ. ಸೊಟ್ಟಗಾದ ಬಾಯಿಯನ್ನು ಯಾರೂ ನೋಡಬಾರದೆಂದು ಹನೋರಾ ಹದಿನಾಲ್ಕು ತಿಂಗಳಿಂದ ಹೊಸಿಲು ದಾಟಿರಲಿಲ್ಲ. ಪಾದ್ರಿಯೇ ಪ್ರಸಾದ ಹಿಡಿದು ಮನೆಗೆ ಬರುತ್ತಿದ್ದರು.

ಡೆರ್ವಲಾ ಮೊಳೆಯಿಂದ ಅತ್ತೆಯ ಕೋಟು ಇಳಿಸಿದಳು.

"ಎಲ್ಲಿಗೆ?" ಅರ್ಧ ಬಾಯಿಯಲ್ಲಿ ಬಂತು ಮಾತು.

"ಕಾನ್ ಹತ್ರ. ಮೈದಾನಕ್ಕೆ. ಅವನಿಗೆ ಒಪ್ಪಿಸಿ ನಾನು ಆಟಕ್ಕೆ ಹೋಗ್ಬೇಕು."

"ಬೇಡ. ಜನ ಇರ್ತಾರೆ. ಈ ಮುಖ…"

"ಗೊತ್ತು ಹನೋರಾ."

ಮುದುಕಿಯ ಸರಿಯಿದ್ದ ಕೈ ಅವಳ ಮುರಿದ ಬೆರಳನ್ನು ಬಿಗಿಯಾಗಿ ಹಿಡಿಯಿತು. ಡೆರ್ವಲಾ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕುತ್ತ ಬಂದಳು. ಕತ್ತಿನ ಗುಂಡಿಯನ್ನೂ ಹಾಕಿ, ಗಾಲಿಕುರ್ಚಿಯ ತಡೆ ತೆಗೆದಳು.